209 ಮತ್ತು 146: ಫರಸಿ ಹಾಸಿದ ನನ್ನ ಅನುಭವ

ಫರಸಿ, ಅಂದರೆ ನೆಲಹಾಸು ಕಲ್ಲು, ಹಾಸುವುದಕ್ಕೆ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಎರಡು ಸಂಖ್ಯೆಗಳನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಯಾಕೆ ಎಂದವರು ಕಲಬುರಗಿಯಲ್ಲಿ ನಾನು ಈಚೆಗೆ ಮುಗಿಸಿದ ಕೋಣೆಯನ್ನು ಬಂದು ನೋಡಲಿ. 70 ಕಲ್ಲು ತರಿಸಿದೆ, 70 ಕಲ್ಲೂ ನೆಲಕ್ಕೆ ಕೂತವು.

ಅದೇ ನಕ್ಷೆಯ ಪಕ್ಕದ ಮನೆಯಲ್ಲಿ ಮೊದಲು ಕೈ ಸುಟ್ಟುಕೊಂಡಿದ್ದೆ. ಕೋಣೆ ಇಂಚಿನಲ್ಲಿ 210ಕ್ಕೆ 147. ಕಳೆದರೆ 63, 147ರಲ್ಲಿ 63 ಎರಡು ಸಲ ಹೋಗಿ 21 ಉಳಿಯುತ್ತದೆ, 63ರಲ್ಲಿ 21 ಸರಿಯಾಗಿ ಮೂರು ಸಲ. ಹಾಗಾಗಿ 21 ಇಂಚಿನ ಚೌಕ, ಹತ್ತಕ್ಕೆ ಏಳರಂತೆ 70 ಕಲ್ಲು. ಶಹಾಬಾದಿನಿಂದ ಕೊಯ್ಯಿಸಿ ತಂದೆ. ಆದರೆ ಅಳತೆ ತೆಗೆದದ್ದು ಪ್ಲಾಸ್ಟರಿಗೆ ಮೊದಲು. ಪ್ರತಿ ಗೋಡೆಗೂ ಅರ್ಧ ಇಂಚು ಕೂತು ಕೋಣೆ 209ಕ್ಕೆ 146 ಆಯಿತು. 209 ಎಂದರೆ 11×19, 146 ಎಂದರೆ 2×73. ಸಾಮಾನ್ಯ ಅಪವರ್ತನ 1 ಬಿಟ್ಟರೆ ಬೇರೆ ಇಲ್ಲ!

ಅಂಚಿನ 16 ಕಲ್ಲುಗಳಿಂದ ಒಂದೊಂದು ಇಂಚು ತೆಗೆಯಲು ಹೋದೆವು. ಫರಸಿಯಲ್ಲಿ ಅಷ್ಟು ಸಣ್ಣ ಪಟ್ಟಿ ತೆಗೆಯುವಾಗ ಮೂಲೆ ಹಾರುತ್ತದೆ. ಎಂಟೊಂಬತ್ತು ಕಲ್ಲು ಹಾಳಾದವು. ಮರು ಸಾಗಣೆ, ಎರಡು ದಿನದ ಕೂಲಿ ಸೇರಿ 4,000 ರೂಪಾಯಿಯ ಆಸುಪಾಸು ಹೋಯಿತು. "ತಮ್ಮಾ, ಫರಸಿ ಕೂರುವುದು ಕೈಗುಣಕ್ಕೆ, ಹಾಳೆಯ ಲೆಕ್ಕಕ್ಕಲ್ಲ" ಎಂದರು ಹಿರಿಯ ಗೌಂಡಿ.

ಆ ಮಾತು ನನ್ನನ್ನು ಮಲಗಲು ಬಿಡಲಿಲ್ಲ. ನಾಲ್ಕೂ ಗೋಡೆಗೆ ಒಂದೇ ಅಗಲದ ಅಂಚುಪಟ್ಟಿ ಬಿಟ್ಟರೆ ಉದ್ದ, ಅಗಲ ಎರಡೂ ಸಮನಾಗಿ ಕುಗ್ಗುತ್ತವೆ, ನಡುವಿನ ವ್ಯತ್ಯಾಸ ಮಾತ್ರ ಕದಲುವುದಿಲ್ಲ. 209ರಲ್ಲಿ 146 ಕಳೆದರೂ ಅದೇ 63. ಅಂದಮೇಲೆ ಕೋಣೆಯ ಅಳತೆಯನ್ನು ಬಿಟ್ಟು 63ರ ಜೋಡಿಗಳನ್ನು ಹಿಡಿದರೆ ಸಾಕು: 1×63, 3×21, 7×9. ಈಚಿನ ಕೋಣೆಗೆ 21 ಆರಿಸಿದೆ. 209ರಲ್ಲಿ 189 ಹೋಗಿ 20 ಉಳಿಯಿತು, 146ರಲ್ಲಿ 126 ಹೋಗಿ 20. ಸುತ್ತ ಹತ್ತು ಇಂಚಿನ ಪಟ್ಟಿ, ನಡುವೆ ಒಂಬತ್ತಕ್ಕೆ ಆರರಂತೆ 54 ಇಡೀ ಕಲ್ಲು. ಪಟ್ಟಿಗೆ 30 ತುಂಡು. 15 ಕಲ್ಲುಗಳನ್ನು ನಡುವೆ ಕೊಯ್ದೆವು, ನಡುವೆ ಕೊಯ್ದರೆ ಮೂಲೆ ಹಾರುವುದಿಲ್ಲ. ನಾಲ್ಕು ಮೂಲೆಗೆ ಒಂದೇ ಕಲ್ಲು ನಾಲ್ಕು ಹೋಳಾಯಿತು. ಒಟ್ಟು 70. ಗೌಂಡಿ ಎರಡು ಸಲ ಎಣಿಸಿದರು.

21 ಎಂದದ್ದು ಸಂದಿಯನ್ನೂ ಸೇರಿಸಿ. ಕಲ್ಲನ್ನು ಎಷ್ಟು ಕಡಿಮೆ ಕೊಯ್ಯಿಸುತ್ತೇನೆ ಎಂಬುದು ನನ್ನ ಬಳಿಯೇ ಇರಲಿ.

ಈ ನಡುವೆ ಒಂದು ಅಡಿಯ 36 ಕಲ್ಲು ಬೇರೆ ಕೆಲಸದಿಂದ ಮಿಕ್ಕಿದ್ದವು, ಮನೆಯ ಮುಂದೆ ಕಟ್ಟೆಗೆ ಬಳಸಿದೆ. ಅಂಚು ದುಂಡಗೆ ಮಾಡುವುದಕ್ಕೆ ಅಡಿಗಿಷ್ಟು ಎಂದು ದುಡ್ಡು. 6×6 ಚೌಕಕ್ಕೇ ಅಂಚು ಕಡಿಮೆ ಎಂದುಕೊಂಡಿದ್ದೆ. ಆದರೆ ಕಟ್ಟೆಯ ಒಂದು ಬದಿ ಗೋಡೆಗೆ ಹತ್ತುತ್ತದೆ, ಅಲ್ಲಿ ಅಂಚೇ ಇಲ್ಲ. ಉಳಿದ ಮೂರು ಬದಿ ಕೂಡಿದರೆ 6×6ಕ್ಕೂ 18 ಅಡಿ, 12×3ಕ್ಕೂ 18, ಗೋಡೆಯುದ್ದಕ್ಕೆ 9 ಇಟ್ಟ 9×4ಕ್ಕೆ 17.

ಮತ್ತೆ ಕೋಣೆಯ ಮಾತಿಗೆ ಬಂದರೆ, ಉದ್ದ-ಅಗಲದ ವ್ಯತ್ಯಾಸ 61ರಂಥ ಅವಿಭಾಜ್ಯ ಬಂದರೆ ಹೆದರಬೇಡಿ. ಉದ್ದದ ಒಂದು ತುದಿಯ ಪಟ್ಟಿಯನ್ನು ಒಂದು ಇಂಚು ಅಗಲ ಮಾಡಿ, ವ್ಯತ್ಯಾಸ 60 ಆಗುತ್ತದೆ. ನಾನು ಆ ಇಂಚನ್ನು ಯಾವಾಗಲೂ ಬಾಗಿಲಿನ ಕಡೆಗೆ ಇಡುತ್ತೇನೆ.