ಬಿಡಿಎಸ್ ಓದಿದವಳು ಡೆಂಟಲ್ ಅಸಿಸ್ಟೆಂಟ್ ಆಗಿದ್ದು ಹೇಗೆ: ನನ್ನ ಅನುಭವ

ಅಮೆರಿಕದ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ. ಪಕ್ಕದ ರೂಮಿನಿಂದ ಡಾಕ್ಟರ್ "ಫೋರ್ಟೀನ್‌ಗೆ ರೆಡಿ ಮಾಡಿ" ಅಂದರು. ನಾನು ಪೇಷಂಟ್‌ನ ಮೇಲಿನ ಬಲಗಡೆ ಕೆನ್ನೆ ಸರಿಸಿ, ಕಾಟನ್ ರೋಲ್ ಇಟ್ಟು, ಲೈಟ್ ತಿರುಗಿಸಿ ಕಾಯುತ್ತಾ ಕೂತೆ. ಪಾಪ, ಅವರು ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಎಡಗೆನ್ನೆ ಮುಟ್ಟಿ ತೋರಿಸಿದರು. ನೋವಿದ್ದದ್ದು ಆ ಕಡೆ.

ದಾವಣಗೆರೆಯಲ್ಲಿ ಐದು ವರ್ಷ ಬಿಡಿಎಸ್ ಮಾಡಿ, ಆಮೇಲೆ ಮೂರು ವರ್ಷ ಕ್ಲಿನಿಕ್‌ನಲ್ಲಿ ಕೂತು ಹಲ್ಲು ಕೊರೆದವಳು ನಾನು. ನಮಗೆ 14 ಅಂದರೆ ಮೇಲಿನ ಬಲಗಡೆಯ ಮೊದಲ ಪ್ರೀಮೋಲಾರ್, ಅಂದರೆ ಕೋರೆಹಲ್ಲಿನ ಹಿಂದಿನದು. ನಾವು ಕಲಿತದ್ದು ಎಫ್‌ಡಿಐ, ಅಂದರೆ ವಿಶ್ವ ದಂತವೈದ್ಯ ಒಕ್ಕೂಟದ ಲೆಕ್ಕ: ಬಾಯಿಯನ್ನು ನಾಲ್ಕು ಭಾಗ ಮಾಡಿ, ಭಾಗಕ್ಕೊಂದು ಅಂಕಿ, ಹಲ್ಲಿಗೊಂದು ಅಂಕಿ. ಅಮೆರಿಕದಲ್ಲಿ ಹಾಗಲ್ಲ. ಮೇಲಿನ ಬಲಗಡೆ ಬುದ್ಧಿಹಲ್ಲು 1. ಅಲ್ಲಿಂದ ಎಡಕ್ಕೆ ಎಣಿಸುತ್ತಾ 16, ಕೆಳಗಿಳಿದು 17, ಮತ್ತೆ ಬಲಕ್ಕೆ ವಾಪಸ್ ಬಂದು 32. ಅವರ 14 ಮೇಲಿನ ಎಡಗಡೆಯ ಮೊದಲ ಮೋಲಾರ್ (ದವಡೆಹಲ್ಲು), ನಮ್ಮ 26. ಹಾಲುಹಲ್ಲಿಗಂತೂ ಅಂಕಿಯೇ ಇಲ್ಲ, ಎ ಯಿಂದ ಟಿ ವರೆಗೆ ಅಕ್ಷರ. ಆ ರಾತ್ರಿ ಒಂದು ಚೀಟಿಯಲ್ಲಿ ಎರಡೂ ಲೆಕ್ಕ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಎರಡು ತಿಂಗಳು ಅಲ್ಲೇ ಇತ್ತು.

ಡಾಕ್ಟರ್ ಆದವಳು ಅಸಿಸ್ಟೆಂಟ್ ಯಾಕಾದೆ ಅಂತ ಊರಿನವರೆಲ್ಲ ಕೇಳುತ್ತಾರೆ. ಗಂಡನ ಕೆಲಸಕ್ಕೆಂದು ನಾವು ಟೆಕ್ಸಾಸ್‌ನ ಪ್ಲೇನೋಗೆ ಬಂದೆವು. ನನ್ನದು ಎಚ್-4, ಅಂದರೆ ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗುವ ವೀಸಾ. ಗಂಡನ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಪಾಸಾಗಿ, ನನಗೆ ಇಎಡಿ, ಅಂದರೆ ಕೆಲಸದ ಅನುಮತಿ ಕಾರ್ಡ್ ಬಂದ ಮೇಲಷ್ಟೇ ಕೆಲಸ ಮಾಡಬಹುದಿತ್ತು. ಆದರೆ ಭಾರತದ ಬಿಡಿಎಸ್ ಇಟ್ಟುಕೊಂಡು ಇಲ್ಲಿ ನೇರವಾಗಿ ಪ್ರಾಕ್ಟೀಸ್ ಮಾಡುವ ಹಾಗಿಲ್ಲ. ಐಎನ್‌ಬಿಡಿಇ ಎಂಬ ದಂತವೈದ್ಯರ ರಾಷ್ಟ್ರೀಯ ಪರೀಕ್ಷೆ ಬರೆದು, ಸಾಮಾನ್ಯವಾಗಿ ಇಲ್ಲಿನ ಡೆಂಟಲ್ ಸ್ಕೂಲ್‌ನಲ್ಲಿ ಮತ್ತೆ ಎರಡು ಮೂರು ವರ್ಷ ಓದಬೇಕು. ಫೀಸ್ ನೋಡಿ ತಲೆ ತಿರುಗಿತು. ಅಲ್ಲಿಯವರೆಗೆ ಕೈ ಮರೆಯಬಾರದು ಅಂತ ಅಸಿಸ್ಟೆಂಟ್ ಕೆಲಸ ಹುಡುಕಿದೆ. ಇಂಟರ್‌ವ್ಯೂನಲ್ಲಿ ಒಂದು ಕಡೆ "ನೀವು ಜಾಸ್ತಿ ಓದಿದ್ದೀರಿ" ಅಂತ ವಾಪಸ್ ಕಳಿಸಿದರು. ಬೇಜಾರಾಯಿತು. ಬೇರೆ ಕಡೆ ಆರು ತಿಂಗಳು ಕೆಲಸ ಮಾಡಿದ ಮೇಲೆ ಅವರು ಹೇಳಿದ್ದು ಪೂರ್ತಿ ತಪ್ಪಲ್ಲ ಅನ್ನಿಸಿತು.

ಯಾಕೆಂದರೆ ಡಾಕ್ಟರ್ ಕೈಗೆ ಗೊತ್ತಿರುವುದು ಬೇರೆ, ಅಸಿಸ್ಟೆಂಟ್ ಕೈಗೆ ಗೊತ್ತಿರಬೇಕಾದ್ದು ಬೇರೆ. ಊರಲ್ಲಿ ನಾನು ಸಲೈವಾ ಇಜೆಕ್ಟರ್ (ಎಂಜಲು ಹೀರುವ ಸಣ್ಣ ಕೊಳವೆ) ತುಟಿಗೆ ಸಿಕ್ಕಿಸಿ, ಒಬ್ಬಳೇ ಕೆಲಸ ಮಾಡುತ್ತಿದ್ದೆ. ಇಲ್ಲಿ ನಾಲ್ಕು ಕೈ ಕೆಲಸ: ಡಾಕ್ಟರದ್ದು ಎರಡು, ನನ್ನದು ಎರಡು. ಡಾಕ್ಟರ್ ಬಲಗೈಯವರಾದರೆ ನಾನು ಪೇಷಂಟ್‌ನ ಎಡಗಡೆ. ಪೇಷಂಟ್‌ನ ತಲೆ ಗಡಿಯಾರದ ಹನ್ನೆರಡು ಗಂಟೆ ಅಂದುಕೊಂಡರೆ ನನ್ನ ಜಾಗ ಎರಡರಿಂದ ನಾಲ್ಕು. ನನ್ನ ಸ್ಟೂಲ್ ಡಾಕ್ಟರ್‌ಗಿಂತ ನಾಲ್ಕಾರು ಇಂಚು ಎತ್ತರ ಇರಬೇಕು, ಇಲ್ಲದಿದ್ದರೆ ಅವರ ಕೈ ಅಡ್ಡ ಬಂದು ನನಗೇನೂ ಕಾಣುವುದಿಲ್ಲ. ಬಲಗೈಯಲ್ಲಿ ಬಾಯಿಯ ನೀರು ಹೀರುವ ದಪ್ಪ ಸಕ್ಷನ್ ಕೊಳವೆ, ಎಚ್‌ವಿಇ ಅಂತಾರಲ್ಲ, ಅದು. ಎಡಗೈಯಲ್ಲಿ ಇನ್‌ಸ್ಟ್ರುಮೆಂಟ್ ಕೊಡುವುದು, ತೆಗೆದುಕೊಳ್ಳುವುದು.

ಈ ಕೊಡು-ಕೊಳ್ಳುವುದೇ ನನ್ನನ್ನು ಅಳಿಸಿದ್ದು. ಡಾಕ್ಟರ್ ಬೆರಳೂರಿಕೊಂಡ ಜಾಗ ಬಿಡುವುದಿಲ್ಲ, ಕಣ್ಣು ಎತ್ತುವುದಿಲ್ಲ. ಮಣಿಕಟ್ಟು ಸ್ವಲ್ಪ ಹೊರಳಿಸಿದರೆ "ಇದು ಸಾಕು, ಮುಂದಿನದು" ಅಂತ ಅರ್ಥ. ನಾನು ಕಿರುಬೆರಳಿನಿಂದ ಹಳೆಯದನ್ನು ಎಳೆದುಕೊಂಡು, ಅದೇ ಕೈಯ ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಹಿಡಿದ ಹೊಸದನ್ನು ಅವರ ಬೆರಳ ಮಧ್ಯೆ ಇಡಬೇಕು. ತುದಿ ಕೆಲಸ ಮಾಡುವ ಹಲ್ಲಿನ ಕಡೆಗೇ ತಿರುಗಿರಬೇಕು. ಇದೆಲ್ಲ ಪೇಷಂಟ್‌ನ ಗಲ್ಲದ ಕೆಳಗೆ, ಎದೆಯ ಮೇಲ್ಗಡೆ. ಮುಖದ ಮೇಲೆ ಯಾವತ್ತೂ ಅಲ್ಲ. ಮನೆಯಲ್ಲಿ ಗಂಡನನ್ನು ಡಾಕ್ಟರ್ ಮಾಡಿ ಕೂರಿಸಿ, ಎರಡು ಚಮಚ, ಒಂದು ಹಳೇ ಟೂತ್‌ಬ್ರಷ್ ಇಟ್ಟುಕೊಂಡು ಅಭ್ಯಾಸ ಮಾಡಿದೆ. ಮೊದಲ ದಿನ ಚಮಚ ಹದಿನೈದು ಸಲ ಬಿತ್ತು. "ಪೇಷಂಟ್ ಉಳಿದಿದ್ದಾರಾ?" ಅಂತ ಗಂಡನ ತಮಾಷೆ ಬೇರೆ.

ಸಕ್ಷನ್ ಕೂಡ ಸುಮ್ನೆ ಹಿಡಿಯುವುದಲ್ಲ. ಡ್ರಿಲ್ ಬಾಯಿಗೆ ಬರುವ ಮೊದಲೇ ಅದರ ತುದಿ ಹಲ್ಲಿನ ಪಕ್ಕ ಕೂತಿರಬೇಕು. ಅಂಗುಳಿನ ಹಿಂಭಾಗಕ್ಕೆ ತಾಗಿದರೆ ಪೇಷಂಟ್‌ಗೆ ವಾಕರಿಕೆ. ಕೆನ್ನೆ ಒಳಗೆ ಎಳೆದುಕೊಂಡರೆ ಪ್ಲಪ್ ಅಂತ ಶಬ್ದ, ಎಲ್ಲರೂ ನನ್ನ ಕಡೆ ನೋಡುತ್ತಾರೆ.

ಇನ್ನು ಸರ್ಟಿಫಿಕೇಟ್ ವಿಷಯ. ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಕ್ಯಾಲಿಫೋರ್ನಿಯಾದ ಗೆಳತಿ ಹೇಳಿದ್ದು ಇಲ್ಲಿ ನಡೆಯಲಿಲ್ಲ. ಟೆಕ್ಸಾಸ್‌ನಲ್ಲಿ ಸಕ್ಷನ್ ಹಿಡಿಯಲು, ಟ್ರೇ ಜೋಡಿಸಲು ಸರ್ಟಿಫಿಕೇಟ್ ಬೇಡ. ಆದರೆ ಎಕ್ಸ್‌ರೇ ತೆಗೆಯಬೇಕಾದರೆ ರಾಜ್ಯದ ಡೆಂಟಲ್ ಬೋರ್ಡ್‌ನಲ್ಲಿ ಆರ್‌ಡಿಎ, ಅಂದರೆ ರಿಜಿಸ್ಟರ್ಡ್ ಡೆಂಟಲ್ ಅಸಿಸ್ಟೆಂಟ್ ಅಂತ ನೋಂದಣಿ ಆಗಿರಬೇಕು. ಎಕ್ಸ್‌ರೇ, ಸೋಂಕು ತಡೆ, ರಾಜ್ಯದ ಕಾನೂನು ಈ ಮೂರರ ಕೋರ್ಸ್ ಮತ್ತು ಪರೀಕ್ಷೆ. ಜೊತೆಗೆ ಬೊಂಬೆಯ ಎದೆ ಒತ್ತಿ ಜೀವ ಉಳಿಸುವುದನ್ನು ಕಲಿಯುವ ಬಿಎಲ್‌ಎಸ್ ತರಬೇತಿ. ಊರಲ್ಲಿ ಸಾವಿರಾರು ಎಕ್ಸ್‌ರೇ ತೆಗೆದವಳು ಇಲ್ಲಿ ಕಾರ್ಡ್ ಬರುವವರೆಗೆ ಬಟನ್ ಮುಟ್ಟಲಿಲ್ಲ. ನನಗಿಂತ ಹನ್ನೆರಡು ವರ್ಷ ಚಿಕ್ಕ ಹುಡುಗಿ ಬಂದು ತೆಗೆದು ಹೋಗುತ್ತಿದ್ದಳು, ನಾನು ಬಾಗಿಲ ಹೊರಗೆ.

ಈ ಮಧ್ಯೆ ಒಂದು ಖಾಸಗಿ ಸಂಸ್ಥೆ ವಾರಾಂತ್ಯದ ಕೋರ್ಸ್‌ಗೆ ಸಾವಿರಾರು ಡಾಲರ್ ಕೇಳಿತು. ಏನೂ ಗೊತ್ತಿಲ್ಲದೆ ಈ ಕೆಲಸಕ್ಕೆ ಬರುವವರಿಗೆ ಅಂಥದ್ದು ಉಪಯೋಗ ಆಗಬಹುದು. ನನಗೆ ಬೇಕಿರಲಿಲ್ಲ. ದುಡ್ಡು ಕಟ್ಟುವ ಮೊದಲು ನಿಮ್ಮ ರಾಜ್ಯದ ಬೋರ್ಡ್ ಏನು ಕೇಳುತ್ತದೆ ಅಂತ ಅವರ ವೆಬ್‌ಸೈಟ್‌ನಲ್ಲೇ ಓದಿ. ಮಾರುವವರ ಬಾಯಿಂದ ಕೇಳಬೇಡಿ.

ಆಮೇಲೆ ಸಿಡಿಎ, ಅಂದರೆ ಸರ್ಟಿಫೈಡ್ ಡೆಂಟಲ್ ಅಸಿಸ್ಟೆಂಟ್ ಪರೀಕ್ಷೆಗೆ ಕೂತೆ. ಇದು ಡ್ಯಾನ್‌ಬಿ ಎಂಬ ರಾಷ್ಟ್ರೀಯ ಮಂಡಳಿ ಕೊಡುವ ಸರ್ಟಿಫಿಕೇಟ್. ಮಾನ್ಯತೆ ಪಡೆದ ಕೋರ್ಸ್ ಮುಗಿಸಿದವರಿಗೆ ಒಂದು ದಾರಿ. ಹೈಸ್ಕೂಲ್ ಮುಗಿಸಿ 3,500 ಗಂಟೆ ಕೆಲಸ ಮಾಡಿದವರಿಗೆ ಇನ್ನೊಂದು. ನನ್ನ ಹಾಗೆ ಹೊರದೇಶದ ಡೆಂಟಲ್ ಡಿಗ್ರಿ ಇದ್ದವರಿಗೂ ಒಂದು ದಾರಿ ಇದೆ. ಮೂರು ಪೇಪರ್: ಎಕ್ಸ್‌ರೇ ಸುರಕ್ಷತೆ, ಸೋಂಕು ತಡೆ, ಕುರ್ಚಿ ಪಕ್ಕದ ಕೆಲಸ. ಒಟ್ಟಿಗೂ ಬರೆಯಬಹುದು, ಒಂದೊಂದಾಗಿಯೂ ಬರೆಯಬಹುದು. 900ರವರೆಗಿನ ಸ್ಕೋರ್‌ನಲ್ಲಿ 400 ಬಂದರೆ ಪಾಸ್.

ಎಕ್ಸ್‌ರೇ ಪೇಪರ್ ಸುಲಭ ಆಯಿತು. ಬಟನ್ ಒತ್ತುವಾಗ ಆರು ಅಡಿ ದೂರ, ಕಿರಣದ ದಿಕ್ಕಿಗೆ 90ರಿಂದ 135 ಡಿಗ್ರಿ ಪಕ್ಕದಲ್ಲಿ ನಿಲ್ಲುವುದು, ಇವೆಲ್ಲ ಕಾಲೇಜಿನಲ್ಲೇ ಓದಿದ್ದು. ಕಷ್ಟ ಆಗಿದ್ದು ಸೋಂಕು ತಡೆ. ಊರಲ್ಲಿ ಆಟೋಕ್ಲೇವ್‌ನಿಂದ (ಹಬೆಯಿಂದ ಸಲಕರಣೆಗಳ ಸೂಕ್ಷ್ಮಜೀವಿ ಕೊಲ್ಲುವ ಯಂತ್ರ) ತೆಗೆದ ಪ್ಯಾಕೆಟ್ ಮೇಲಿನ ಟೇಪಿನ ಗೆರೆ ಕಪ್ಪಾಗಿದ್ದರೆ ಆಯಿತು, ಸ್ಟೆರೈಲ್ ಅಂದುಕೊಳ್ಳುತ್ತಿದ್ದೆವು. ಆ ಗೆರೆ ಹೇಳುವುದು ಪ್ಯಾಕೆಟ್ ಬಿಸಿಗೆ ಸಿಕ್ಕಿದೆ ಅಂತ ಮಾತ್ರ. ಸೂಕ್ಷ್ಮಜೀವಿ ಸತ್ತಿದೆಯಾ ಅಂತ ತಿಳಿಯಲು ವಾರಕ್ಕೊಮ್ಮೆಯಾದರೂ ಸ್ಪೋರ್ ಟೆಸ್ಟ್ ಮಾಡಬೇಕು. ಬಿಸಿಗೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾದ ಬೀಜಕಣ ಒಳಗಿಟ್ಟು, ಆಮೇಲೆ ಅದು ಬೆಳೆಯುತ್ತದಾ ನೋಡುವುದು. ಇದನ್ನು ಬಿಡಿಎಸ್‌ನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಮೂರು ವರ್ಷದ ಪ್ರಾಕ್ಟೀಸ್‌ನಲ್ಲಿ ಒಂದು ಸಲವೂ ಮಾಡಿರಲಿಲ್ಲ.

ಊರಿನ ಆ ಕ್ಲಿನಿಕ್‌ನಲ್ಲಿ ಆಟೋಕ್ಲೇವ್ ನೋಡಿಕೊಳ್ಳುತ್ತಿದ್ದ ಅಕ್ಕನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಹೇಳಿಕೊಟ್ಟಿರಲಿಲ್ಲ. ಹಲ್ಲಿಗೆ ಹಾಕುವ ಸಿಮೆಂಟನ್ನು ನನಗಿಂತ ಚೆನ್ನಾಗಿ ಕಲಸುತ್ತಿದ್ದ ಕೈ ಅದು. ಆದರೆ ಭಾರತದ 1948ರ ದಂತವೈದ್ಯರ ಕಾಯ್ದೆಯಲ್ಲಿ ಡೆಂಟಿಸ್ಟ್, ಹಲ್ಲು ಸ್ವಚ್ಛ ಮಾಡುವ ಹೈಜೀನಿಸ್ಟ್, ಕಟ್ಟುಹಲ್ಲು ತಯಾರಿಸುವ ಮೆಕ್ಯಾನಿಕ್ ಈ ಮೂವರಿಗೆ ನೋಂದಣಿ ಇತ್ತು, ಕುರ್ಚಿ ಪಕ್ಕ ನಿಲ್ಲುವವರಿಗೆ ಇರಲಿಲ್ಲ. ಹೋದ ಸಲ ಊರಿಗೆ ಹೋದಾಗ ಸ್ಪೋರ್ ಟೆಸ್ಟ್‌ನ ಪುಟ್ಟ ಟ್ಯೂಬ್‌ಗಳ ಫೋಟೋ ತೋರಿಸಿದೆ. "ಡಾಕ್ಟ್ರೇ, ಇದ್ನ ಆವಾಗ್ಲೇ ತರಿಸ್ಬಹುದಿತ್ತಲ್ವಾ?" ಅಂದರು. ಉತ್ತರ ಇರಲಿಲ್ಲ.

ಮೂರೂ ಪೇಪರ್ ಪಾಸಾಯಿತು. ಈಗ ಎಕ್ಸ್‌ರೇ ನಾನೇ ತೆಗೆಯುತ್ತೇನೆ. ಡ್ರಿಲ್ ಮುಟ್ಟುವ ಹಾಗಿಲ್ಲ, ಸ್ಕೇಲಿಂಗ್ (ಹಲ್ಲಿನ ಗಟ್ಟಿ ಪಾಚಿ ತೆಗೆಯುವುದು) ಮಾಡುವ ಹಾಗಿಲ್ಲ. ಡಾಕ್ಟರ್ ಕೊರೆಯುತ್ತಿರುವಾಗ ಮೂಲೆಯಲ್ಲಿ ಉಳಿದ ಹುಳುಕು ಕಂಡರೆ ಬಾಯಿ ತುದಿಗೆ ಬಂದ ಮಾತನ್ನು ನುಂಗುವುದು ಮೊದಮೊದಲು ತುಂಬ ಕಷ್ಟ. ಈಗ ಸಕ್ಷನ್ ತುದಿಯನ್ನು ಸುಮ್ನೆ ಆ ಮೂಲೆ ಹತ್ತಿರ ಒಯ್ದು ಒಂದು ಕ್ಷಣ ನಿಲ್ಲಿಸುತ್ತೇನೆ. ಅವರು ನೋಡುತ್ತಾರೆ.

ಸಿಡಿಎ ಉಳಿಸಿಕೊಳ್ಳಲು ವರ್ಷಕ್ಕೆ 12 ಗಂಟೆ ಓದಿನ ಕ್ರೆಡಿಟ್ ಬೇಕು, ಸಿಪಿಆರ್ (ಎದೆ ಒತ್ತಿ ಜೀವ ಉಳಿಸುವ ತರಬೇತಿ) ಕಾರ್ಡೂ ಚಾಲ್ತಿಯಲ್ಲಿರಬೇಕು. ಈ ವರ್ಷ ಇನ್ನೂ ನಾಲ್ಕು ಗಂಟೆ ಬಾಕಿ. ಶನಿವಾರ ಮಗಳ ಡ್ಯಾನ್ಸ್ ಕ್ಲಾಸ್ ಹೊರಗೆ, ಕಾರಿನಲ್ಲಿ ಕೂತು ಮುಗಿಸಬೇಕು.