ರೇಷ್ಮೆ ರೀಲಿಂಗ್ ಘಟಕದಲ್ಲಿ ಥೀಸಿಸ್ ಮಾಡಿದ ನನ್ನ ಅನುಭವ

ನಾನು ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸ್) ಓದ್ತಿದ್ದಾಗ ಕ್ಲಾಸಲ್ಲಿ ಹೆಚ್ಚಿನವರು ಶುಗರ್, ಬಿಪಿ, ತಾಯಿ-ಮಗು ಆರೋಗ್ಯ ಅಂತ ಥೀಸಿಸ್ ಟಾಪಿಕ್ ತಗೊಂಡ್ರು, ನಾನು ತಗೊಂಡಿದ್ದು ರಾಮನಗರದ ನೂಲು ಬಿಚ್ಚೋ ಘಟಕಗಳಲ್ಲಿ ಕೆಲಸ ಮಾಡೋರ ಉಸಿರಾಟ. ಗೂಡು ಮಾರ್ಕೆಟ್ ಬಗ್ಗೆ ಎಲ್ಲರಿಗೂ ಗೊತ್ತು, ಆದ್ರೆ ಅಲ್ಲಿ ಕೊಂಡ ಗೂಡು ಆಮೇಲೆ ಎಲ್ಲಿ ಬೇಯುತ್ತೆ, ಯಾರು ಬಿಸಿನೀರಲ್ಲಿ ಕೈ ಅದ್ದಿ ಎಳೆ ಹುಡುಕ್ತಾರೆ ಅನ್ನೋದು ಸೀರೆ ಉಡೋರಿಗೆ ಗೊತ್ತಿರಲ್ಲ, ನನಗೂ ಗೊತ್ತಿರಲಿಲ್ಲ. ಮೊದಲ ದಿನ ಒಳಗೆ ಹೋದಾಗ ಬೆಂದ ಹುಳದ ವಾಸನೆ, ಹಬೆ, ಒಲೆ ಹೊಗೆ ಎಲ್ಲಾ ಸೇರಿ ಹತ್ತು ನಿಮಿಷ ನಿಲ್ಲಕ್ಕಾಗಲಿಲ್ಲ. ಅಲ್ಲೇ ದಿನವಿಡೀ ಕೂರೋರ ಬೆರಳು ನೆನೆದು ಬೆಳ್ಳಗೆ ಸುಕ್ಕಾಗಿರ್ತಿತ್ತು.

ಜನರ ಮೇಲೆ ಮಾಡೋ ಅಧ್ಯಯನ ನ್ಯಾಯವಾಗಿದೆಯಾ ಅಂತ ನೋಡೋ ಎಥಿಕ್ಸ್ ಕಮಿಟಿ ಒಪ್ಪಿಗೆ ಸಿಗೋಕೇ ಟೈಮ್ ಹಿಡಿಯಿತು. ಅವರು ಕೇಳಿದ ಪ್ರಶ್ನೆ ಸರಿಯಾಗೇ ಇತ್ತು, ಮಾಲೀಕರು ಹೂಂ ಅಂದ್ರೆ ಕೆಲಸದವರು ಬೇಡ ಅನ್ನಕ್ಕಾಗುತ್ತಾ ಅಂತ. ಹಾಗಾಗಿ ಮಾಲೀಕರಿಂದ ಒಳಗೆ ಬರೋಕೆ ಮಾತ್ರ ಪರ್ಮಿಷನ್ ತಗೊಂಡು, ಕನ್ಸೆಂಟನ್ನ ಒಬ್ಬೊಬ್ಬರ ಹತ್ರ ಬೇರೆಯಾಗಿ, ಮಾಲೀಕರು ಎದುರಿಗಿಲ್ಲದಾಗ ತಗೊಂಡೆ, ಓದಕ್ಕೆ ಬರದೆ ಹೆಬ್ಬೆಟ್ಟು ಒತ್ತೋರಿಗೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಇರಬೇಕು, ಅದನ್ನೂ ಹೊಂದಿಸಿಕೊಂಡೆ. ಒಂದು ಬೇಸಿನ್, ಅಂದ್ರೆ ಗೂಡಿಂದ ನೂಲು ಬಿಚ್ಚೋ ಬಿಸಿನೀರಿನ ತೊಟ್ಟಿ, ಇಪ್ಪತ್ತು ನಿಮಿಷ ನಿಂತ್ರೆ ಅವರ ದುಡಿಮೆಗೇ ಹೊಡೆತ, ಅದಕ್ಕೆ ಬೆಳಿಗ್ಗೆ ಒಲೆ ಹಚ್ಚೋ ಮುಂಚೆನೇ ಹೋಗಿ ಕೂರ್ತಿದ್ದೆ.

ಊದಿಸಿ ಶ್ವಾಸಕೋಶದ ಶಕ್ತಿ ಅಳೆಯೋ ಸ್ಪೈರೋಮೀಟರ್ ನೋಡಕ್ಕೆ ಸುಲಭ, ಮಾಡಿಸೋದು ಕಷ್ಟ. ಎದೆ ತುಂಬಾ ಉಸಿರು ಎಳ್ಕೊಂಡು ಒಮ್ಮೆಗೇ ಜೋರಾಗಿ ಬಿಟ್ಟು, ಇನ್ನು ಉಸಿರು ಬರಲ್ಲ ಅನ್ನೋವರೆಗೆ ನಿಲ್ಲಿಸದೆ ಊದಬೇಕು, ಸರಿಯಾದ ಮೂರು ಊದು ಸಿಗಬೇಕು, ಅದರಲ್ಲಿ ಅತಿ ಹೆಚ್ಚು ಬಂದ ಎರಡರ ನಡುವೆ 150 ಎಂಎಲ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ನಾನು ಕನ್ನಡದಲ್ಲಿ ನಿಧಾನವಾಗಿ ವಿವರಿಸ್ತಿದ್ದೆ, ಅವರು ತುಂಬಾ ಜನ ಮನೇಲಿ ಉರ್ದು ಮಾತಾಡೋರು, ಬಲೂನ್ ಊದೋ ಥರ ಮೆಲ್ಲಗೆ ಊದ್ತಿದ್ರು. ಕೊನೆಗೆ ಒಬ್ಬರು ಹಿರಿಯ ಹೆಂಗಸು ಪಕ್ಕ ನಿಂತು ‘ಫೂಂಕೋ ಫೂಂಕೋ, ಔರ್, ಔರ್’ ಅಂತ ಕೂಗೋಕೆ ಶುರು ಮಾಡಿದ್ಮೇಲೆ ಗ್ರಾಫ್ ಸರಿ ಬರೋಕೆ ಶುರುವಾಯ್ತು. ಅವತ್ತಿಂದ ನಾನೂ ಹಾಗೇ ಕೂಗಿದೆ.

ಗಾಳಿ ಸ್ಯಾಂಪಲ್ ತೆಗೆಯೋದರಲ್ಲೂ ಪಾಠ ಆಯ್ತು. ಗಾಳಿ ಎಳೆಯೋ ಪಂಪ್ ಸೊಂಟಕ್ಕೆ ಸಿಕ್ಕಿಸಿ, ಧೂಳು ಹಿಡಿಯೋ ಫಿಲ್ಟರ್ ಇರೋ ಚಿಕ್ಕ ಡಬ್ಬಿ, ಅಂದ್ರೆ ಕ್ಯಾಸೆಟ್ಟನ್ನ ಮೂಗಿನ ಹತ್ರ, ಕಾಲರ್ ಭಾಗದಲ್ಲಿ ಕಟ್ಟಬೇಕು, ಅಂದ್ರೆ ಅವರು ಉಸಿರಾಡೋ ಗಾಳಿನೇ ಸಿಗಬೇಕು. ಪಂಪಿನ ಕ್ಲಿಪ್ ಬೆಲ್ಟಿಗೆ ಅಂತ ಮಾಡಿದ್ದು, ಸೀರೆಗೂ ಚೂಡಿದಾರಕ್ಕೂ ನಿಲ್ತಿರಲಿಲ್ಲ, ಟೈಲರ್ ಹತ್ರ ಬಟ್ಟೆ ಚೀಲ ಹೊಲಿಸಿ ಲಾಡಿ ಹಾಕಿಸಿದೆ. ಹಬೆಯಲ್ಲಿ ಫಿಲ್ಟರ್ ತೇವ ಹೀರ್ಕೊಂಡು ತೂಕ ಜಾಸ್ತಿ ತೋರಿಸ್ತಿತ್ತು, ಧೂಳು ಯಾವುದು ನೀರು ಯಾವುದು ಗೊತ್ತೇ ಆಗ್ತಿರಲಿಲ್ಲ. ತೇವ ಹೀರೋ ಡೆಸಿಕೇಟರ್ ಡಬ್ಬಿಯಲ್ಲಿ 24 ಗಂಟೆ ಇಟ್ಟು ತೂಗಿದ್ಮೇಲೆ, ಜೊತೆಗೆ ಪಂಪಿಗೆ ಹಾಕದೆ ಸುಮ್ನೆ ಒಯ್ದು ತಂದ ಬ್ಲಾಂಕ್ ಫಿಲ್ಟರ್ ಇಟ್ಕೊಂಡ್ಮೇಲೆ ನಂಬಬಹುದಾದ ಸಂಖ್ಯೆ ಬಂತು. ಮೊದಲ ವಾರದ ಸ್ಯಾಂಪಲ್ ಎಲ್ಲಾ ಎಸೆದೆ.

ಇಷ್ಟೆಲ್ಲಾ ಮಾಡಿ ರಿಸಲ್ಟ್ ನೋಡಿದ್ರೆ ಬಹುಪಾಲು ಜನರ ಶ್ವಾಸಕೋಶ ಚೆನ್ನಾಗೇ ಇತ್ತು. ಪ್ರಶ್ನಾವಳಿಯಲ್ಲಿ ‘ಅಸ್ತಮಾ ಇದೆಯಾ’ ಅಂದ್ರೆ ಎಲ್ಲರೂ ‘ಇಲ್ಲ’ ಅಂದಿದ್ರು. ನನಗೆ ಖುಷಿ ಆಗಬೇಕಿತ್ತು, ಆಗಲಿಲ್ಲ, ಯಾಕಂದ್ರೆ ಗೂಡಿನ ಸೆರಿಸಿನ್ ಪ್ರೋಟೀನ್ ಅಲರ್ಜಿ ತರುತ್ತೆ ಅಂತ ಓದಿದ್ದೆ, ಹಬೆ ಕಣ್ಣಿಗೇ ಕಾಣ್ತಿತ್ತು. ಒಂದು ದಿನ ಊದಿ ಮುಗಿಸಿದ ಒಬ್ಬರು ಎದ್ದು ಹೋಗ್ತಾ ಅಂದ್ರು, ‘ಮೇಡಂ, ಇದು ನಮ್ಮ ನಾದಿನಿ ಕೂರ್ತಿದ್ದ ಜಾಗ. ಅವಳಿಗೆ ದಮ್ಮು ಬಂತು, ಬಿಟ್ಬಿಟ್ಳು.’

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಹೆಲ್ದಿ ವರ್ಕರ್ ಎಫೆಕ್ಟ್ ಅಂತ ಕ್ಲಾಸಲ್ಲಿ ಬರ್ಕೊಂಡಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ, ಕಾಯಿಲೆ ಬಿದ್ದವರು ಕೆಲಸ ಬಿಟ್ಟು ಹೋಗಿರ್ತಾರೆ, ಉಳಿದವರನ್ನ ಅಳೆದ್ರೆ ಕೆಲಸ ಸುರಕ್ಷಿತ ಅಂತ ತೋರುತ್ತೆ ಅಂತ. ಗೊತ್ತಿದ್ದೂ ನಾನು ಅಳೆದಿದ್ದು ಉಳಿದವರನ್ನೇ. ಮತ್ತೆ ಈ ಚಿಕ್ಕ ಘಟಕಗಳಲ್ಲಿ ಬಿಟ್ಟು ಹೋದವರ ರಿಜಿಸ್ಟರ್ ಅಂತ ಇರಲಿಲ್ಲ, 1948ರ ಫ್ಯಾಕ್ಟರಿ ಕಾಯ್ದೆ ಆಗ ಅನ್ವಯ ಆಗ್ತಿದ್ದಿದ್ದು ಕರೆಂಟ್ ಇದ್ರೆ 10 ಜನ, ಇಲ್ಲದಿದ್ರೆ 20 ಜನ ಇರೋ ಕಡೆಗೆ, ಇಲ್ಲಿ ಒಂದೊಂದು ಕಡೆ ಐದಾರು ಜನ.

ಗೈಡ್ ಹತ್ರ ಆರು ವಾರ ಹೆಚ್ಚಿಗೆ ಕೇಳ್ಕೊಂಡೆ, ಎಥಿಕ್ಸ್ ಕಮಿಟಿಗೆ ತಿದ್ದುಪಡಿ ಹಾಕಿದೆ, ಒಪ್ಪಿಗೆ ಬಂದ್ಮೇಲೆ ಮನೆ ಮನೆಗೆ ಹೋದೆ. ಅಸ್ತಮಾ ಅನ್ನೋ ಪದ ತೆಗೆದು ‘ರಾತ್ರಿ ದಮ್ಮು ಕಟ್ಟಿ ಎದ್ದು ಕೂತಿದ್ದೀರಾ’, ‘ಕೆಲಸಕ್ಕೆ ರಜಾ ಹಾಕಿದ ದಿನ ಕಮ್ಮಿ ಆಗ್ತಿತ್ತಾ’ ಅಂತ ಕೇಳಿದೆ. ಆ ನಾದಿನಿ ಬಾಗಿಲಲ್ಲೇ ನಿಲ್ಲಿಸಿ ಮೊದಲು ಕೇಳಿದ್ದು, ಇದು ಟಿಬಿ ಟೆಸ್ಟಾ ಅಂತ, ಮನೇಲಿ ಮದುವೆ ವಯಸ್ಸಿಗೆ ಬಂದ ಮಗಳಿದ್ದಾಳೆ. ಅಲ್ಲ ಅಂತ ಹೇಳಿ ಕೂತ್ಮೇಲೆ ಅವರು ಊದಿದ್ರು, ಮೂರನೇ ಊದಿಗೆ ಕೆಮ್ಮು ಬಂತು, ನೀರು ಕುಡಿದು ಮತ್ತೆ ಊದ್ತೀನಿ ಅಂದ್ರು, ನಾನೇ ಬೇಡ ಅಂದೆ. ಗೂಡು ಬೇಯಿಸೋ ಒಲೆ ಪಕ್ಕ ಹೋದ ದಿನಾನೇ ಜಾಸ್ತಿ ಆಗ್ತಿತ್ತಂತೆ, ಅದನ್ನ ಯಾರೂ ಕೇಳಿರಲಿಲ್ಲ ಅಂದ್ರು.

ಈಗ ನನ್ನ ಹತ್ರ ಫೀಲ್ಡ್ ವರ್ಕಿಗೆ ಬರೋ ಹುಡುಗರ ಪ್ರಶ್ನಾವಳಿಯಲ್ಲಿ ಹೆಸರು, ವಯಸ್ಸು ಆದ್ಮೇಲಿನ ಸಾಲು ಇದು: ನಿಮಗಿಂತ ಮುಂಚೆ ಈ ಜಾಗದಲ್ಲಿ ಯಾರು ಕೂರ್ತಿದ್ರು, ಅವರು ಈಗೆಲ್ಲಿದ್ದಾರೆ?