ರಾತ್ರಿಯಿಡೀ ದ್ರೌಪದಿ: ನಾನು ಗಂಟಲು ಕಾಯ್ದುಕೊಳ್ಳುವ ಬಗೆ

ನಾಟಕದಲ್ಲಿ ಗಂಟಲು ಕೆಡುವುದು ಹಾಡಿನಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ, ಮಾತಿನಿಂದ. ಹಾಡಿಗೆ ಶ್ರುತಿ ಇರುತ್ತದೆ, ತಾಳ ಇರುತ್ತದೆ, ಉಸಿರು ಎಳೆದುಕೊಳ್ಳಲು ಜಾಗ ಇರುತ್ತದೆ. ಸಿಟ್ಟಿನ ಮಾತಿಗೆ ಅದ್ಯಾವುದೂ ಇಲ್ಲ. ಎದುರಿನ ದುರ್ಯೋಧನ ಚೀರಿದ ಅಂತ ನಾನೂ ಚೀರಿದರೆ ಮಧ್ಯರಾತ್ರಿಗೇ ದನಿ ಒಡೆಯುತ್ತದೆ. ಆಗಿನ್ನೂ ಅರ್ಧ ನಾಟಕ ಬಾಕಿ ಇರುತ್ತದೆ.

ನಾನು ಬಳ್ಳಾರಿಯವಳು. ನಮ್ಮ ಕಡೆ ಜಾತ್ರೆ ಬಂದರೆ ಊರಿನ ಗಂಡಸರೇ ಸೇರಿ ಪೌರಾಣಿಕ ನಾಟಕ ಆಡುತ್ತಾರೆ. ಹೆಣ್ಣಿನ ಪಾತ್ರಕ್ಕೆ ಮಾತ್ರ ನಮ್ಮಂಥವರನ್ನು ಕರೆಸುತ್ತಾರೆ. ಸಿರುಗುಪ್ಪ, ಕಂಪ್ಲಿ, ಹೊಳೆ ದಾಟಿದರೆ ಗಂಗಾವತಿ, ಸಿಂಧನೂರು. ಭತ್ತದ ದುಡ್ಡು ಕೈಗೆ ಬಂದ ವರ್ಷ ನಮಗೂ ಕೈತುಂಬ ಕೆಲಸ. ಮರಿಯಮ್ಮನಹಳ್ಳಿಯ ಕಲಾವಿದೆಯರೂ ಇದೇ ಊರುಗಳಿಗೆ ಓಡಾಡುತ್ತಾರೆ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯ ದ್ರೌಪದಿ ಅಂದರೆ ಇಲ್ಲಿಯ ಹಿರಿಯರಿಗೆ ಈಗಲೂ ನೆನಪಾಗುವುದು ಸುಭದ್ರಮ್ಮ ಮನ್ಸೂರ್. ಅವರು 2020ರಲ್ಲಿ ತೀರಿಕೊಂಡರು. ಆ ಪಾತ್ರ ಒಪ್ಪಿಕೊಂಡವರು ಹೋಲಿಕೆಗೆ ತಯಾರಾಗಿಯೇ ಹೋಗಬೇಕು.

ಊರು ಮುಟ್ಟಿದ ಮೇಲೆ ನಾನು ಮೊದಲು ಕೂರುವುದು ಪೇಟಿ ಮಾಸ್ತರ, ಅಂದರೆ ಹಾರ್ಮೋನಿಯಂ ನುಡಿಸುವವರ ಹತ್ತಿರ. ತಾಲೀಮು ಮಾಡಿಸಿದವರು ಅವರು. ಯಾರು ಎಲ್ಲಿ ತಾಳ ಬಿಡುತ್ತಾರೆ ಅಂತ ಅವರಿಗೇ ಗೊತ್ತು. ನಾವೋ ನಾಟಕದ ದಿನ, ಇಲ್ಲವೇ ಹಿಂದಿನ ದಿನ ಬರುವವರು. ಅವರದು ಕಾಲ್ಪೆಟ್ಟಿಗೆ, ಆ ಹಾರ್ಮೋನಿಯಂಗೆ ಗಾಳಿ ಹಾಕುವುದು ಕಾಲಿನಿಂದ. ಹಾಗಾಗಿ ಎರಡೂ ಕೈ ಮನೆಗಳ (ಒತ್ತುವ ಕೀಲಿಗಳ) ಮೇಲೇ ಇರುತ್ತವೆ.

ನನ್ನ ಶ್ರುತಿ ಕರಿ ನಾಲ್ಕು, ಅಂದರೆ ಪೇಟಿಯ ನಾಲ್ಕನೇ ಕರಿ ಮನೆ. ಭೀಮನ ಪಾತ್ರದವರದು ಹೆಚ್ಚಾಗಿ ಕರಿ ಒಂದು. ಜೋಡಿ ಹಾಡು ಬಂದರೆ ಒಬ್ಬರು ಸಾಯಬೇಕು, ಅಲ್ವಾ? ಇದಕ್ಕೊಂದು ಹಳೇ ಉಪಾಯ ಇದೆ. ಕರಿ ಒಂದು ಷಡ್ಜ (ಸ) ಆದರೆ ಕರಿ ನಾಲ್ಕು ಪಂಚಮ (ಪ). ಮಾಸ್ತರು ಆ ಎರಡು ಮನೆ ಒತ್ತಿ ಹಿಡಿದರೆ ಭೀಮನಿಗೆ ಷಡ್ಜ-ಪಂಚಮ ಸಿಗುತ್ತದೆ. ನನಗೆ ಅದೇ ಕರಿ ನಾಲ್ಕು ಷಡ್ಜ, ಕರಿ ಒಂದು ಮಧ್ಯಮ (ಮ). ಇಬ್ಬರೂ ಅವರವರ ಶ್ರುತಿಯಲ್ಲೇ ಹಾಡಬಹುದು. ಭೀಮಪಲಾಸ, ಜೋಗಿಯಾ, ಭೈರವಿಯಂಥ ಶುದ್ಧ ಮಧ್ಯಮದ ರಾಗಗಳಿಗೆ ಇದು ಚೆನ್ನಾಗಿ ಕೂರುತ್ತದೆ. ಯಮನ್‌ನಲ್ಲಿ ನಡೆಯಲ್ಲ. ಅದರ ಮಧ್ಯಮ ತೀವ್ರ, ಒಂದು ಮನೆ ಮೇಲೆ. ನಾನು ಅದನ್ನು ಹಚ್ಚಿದ ಕೂಡಲೇ ಪೇಟಿಯ ಮಧ್ಯಮಕ್ಕೆ ತಾಗಿ ಕಿವಿಗೆ ಚುಚ್ಚುತ್ತದೆ. ಆಗ ನಾನೇ ಅವರ ಶ್ರುತಿಗೆ ಹೋಗುತ್ತೇನೆ. ನಾಟಕ ಅವರದು, ದುಡ್ಡು ಅವರದು, ಮುಂದೆ ಕೂತಿರೋದು ಅವರ ಬೀಗರು.

ಮಾಸ್ತರ ಮಗ ಒಮ್ಮೆ ಮೊಬೈಲ್‌ನಲ್ಲಿ ಯುರೋಪಿನ ಒಪೆರಾ ತೋರಿಸಿದ. ಅಷ್ಟು ದೊಡ್ಡ ವಾದ್ಯಮೇಳದ ಎದುರು ಮೈಕ್ ಇಲ್ಲದೆ ಹಾಡುತ್ತಾರೆ! ಆ ಗಂಡಸು ಗಾಯಕರ ದನಿಗೆ 3000 ಹರ್ಟ್ಜ್ ಆಸುಪಾಸಿನಲ್ಲಿ ಜಾಸ್ತಿ ಬಲವಂತೆ, ವಾದ್ಯಗಳ ಸದ್ದು ಅಲ್ಲಿಗೆ ಬರುವಷ್ಟರಲ್ಲಿ ಇಳಿದಿರುತ್ತದಂತೆ. ಅಂದರೆ ಅದು ಬರೀ ಜೋರಲ್ಲ, ದನಿ ಇಡುವ ಜಾಗ. ಮೈಕ್ ಬರುವ ಮುಂಚಿನ ನಮ್ಮ ಕಂಪನಿ ನಟರೂ ಕಡೇ ಸಾಲಿಗೆ ಮುಟ್ಟಿಸಿದವರೇ. ನಮಗೀಗ ಮೇಲಿನಿಂದ ತೂಗುಬಿಟ್ಟ ಮೈಕ್ ಇದೆ. ಅದರ ಕೆಳಗೇ ನಿಂತು ಮಾತಾಡುತ್ತೇನೆ. ಸಿಟ್ಟು ತೋರಿಸಲು ದನಿ ಏರಿಸಲ್ಲ, ಮಾತು ಬಿಡಿಸಿ ಹೇಳುತ್ತೇನೆ. ಜನಕ್ಕೆ ಅಷ್ಟು ಸಾಕು.

ಒನ್ಸ್ ಮೋರ್ ಅಂದರೆ ಪಲ್ಲವಿ ಮಾತ್ರ ಹಾಡುತ್ತೇನೆ. ಇನ್ನು ಆಯೇರಿ, ಅಂದರೆ ಪಾತ್ರಧಾರಿಗೆ ಬಂಧುಗಳು ಉಡುಗೊರೆ ಕೊಡುವುದು ಶುರುವಾದರೆ ನಾಟಕ ನಿಂತೇ ಹೋಗುತ್ತದೆ. ಧರ್ಮರಾಯನಿಗೆ ಅತ್ತೆ ಮನೆಯವರು ಉಂಗುರ ತೊಡಿಸುತ್ತಾರೆ, ಒಬ್ಬೊಬ್ಬರ ಹೆಸರನ್ನೂ ಮೈಕಿನಲ್ಲಿ ಕೂಗುತ್ತಾರೆ. ನೋಡುವವರಿಗೆ ಬೇಜಾರು. ನನಗೆ ಮಾತ್ರ ಆಯೇರಿ ಎಷ್ಟು ಉದ್ದವಾದರೂ ಬೇಡ ಅನ್ನಿಸಲ್ಲ. ಪರದೆ ಹಿಂದೆ ಫ್ಲಾಸ್ಕಿನ ಬಿಸಿನೀರು ಕುಡಿದು ಸುಮ್ನೆ ಕೂರುತ್ತೇನೆ. ವಗ್ಗರಣಿ-ಮಿರ್ಚಿ ತಟ್ಟೆ ಬಂದರೆ ಮಿರ್ಚಿ ಪಕ್ಕಕ್ಕಿಡುತ್ತೇನೆ. ಕೊಟ್ಟವರಿಗೆ ಬೇಸರ ಆಗುತ್ತದೆ, ಏನು ಮಾಡೋದು.

ಇಷ್ಟೆಲ್ಲ ಉಳಿಸುವುದು ಕೊನೆಯ ದೃಶ್ಯಕ್ಕೆ. ಅಶ್ವತ್ಥಾಮ ದ್ರೌಪದಿಯ ಮಕ್ಕಳಾದ ಉಪಪಾಂಡವರನ್ನು ಕೊಂದಾಗಿದೆ, ದ್ರೌಪದಿ ಅಳಬೇಕು. ಬೆಳಗಿನ ಜಾವ ಬೇರೆ. “ಮಾಸ್ತರೇ, ಜೋಗಿಯಾಕ್ಕ ಬಿಳಿ ಐದು ಹಿಡೀರಿ” ಅಂತ ಮೊದಲೇ ಹೇಳಿರುತ್ತೇನೆ. ಒಂದೇ ಮನೆ ಇಳಿದರೂ ತಾರ ಷಡ್ಜ (ಮೇಲಿನ ಸ) ಹಗುರಾಗುತ್ತದೆ. “ಆತವ್ವ” ಅಂತಾರೆ ಮಾಸ್ತರು. ಕೇಳುವವರಿಗೆ ಇದು ಗೊತ್ತೂ ಆಗಲ್ಲ.

ಒಪೆರಾದಲ್ಲಿ ದೊಡ್ಡ ಪಾತ್ರದವರಿಗೆ ಎರಡು ಪ್ರಯೋಗದ ನಡುವೆ ಸಾಮಾನ್ಯವಾಗಿ ಬಿಡುವಿನ ದಿನ ಇರುತ್ತದೆ. ನಮಗೆ ಜಾತ್ರೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಬೇಡ ಅಂದರೆ ಮುಂದಿನ ವರ್ಷ ಆ ಊರಿನವರು ಬೇರೆಯವರನ್ನು ಕರೆಸುತ್ತಾರೆ. ಅದಕ್ಕೆ ಬೆನ್ನುಬೆನ್ನಿಗೆ ನಾಟಕ ಬಂದರೆ ಎರಡನೇ ರಾತ್ರಿಗೆ ಕುಂತಿ ಪಾತ್ರ ಕೇಳುತ್ತೇನೆ. ಹಾಡು ಕಡಿಮೆ, ಕೂಗಾಟ ಇನ್ನೂ ಕಡಿಮೆ. ದುಡ್ಡೂ ಕಡಿಮೆಯೇ. ಅದನ್ನೂ ಬಣ್ಣ ಹಚ್ಚುವ ಮುಂಚೆ ಎಣಿಸಿ ತಗೋತೀನಿ.